ದಿನದ ಹಾಜರಿ

'ಸಂಕಟ ಬಂದಾಗ ವೆಂಕಟರಮಣ' ಎಂಬ ಗಾದೆಯನ್ನು ನಮ್ಮ ಹಿರಿಯರು ಯಾರನ್ನು ನೋಡಿ ಕಟ್ಟಿದರೋ ತಿಳಿಯದು. ಆದರೆ ಕುಡಿತದ ಚಟ ಹೊಕ್ಕ ಮನೆಗಳನ್ನು ಕಂಡವರಿಗೆ, ಈ ಮಾತು ಆ ಮನೆಗಳಿಗಾಗಿಯೇ ಹುಟ್ಟಿತೆಂದು ತೋರಿದರೆ ಆಶ್ಚರ್ಯವಿಲ್ಲ. ಮನೆಯ ಯಜಮಾನ ಕುಡಿಯತೊಡಗಿದನೆಂದರೆ ಮೊದಲು ಬುದ್ಧಿಮಾತು, ಆಮೇಲೆ ಜಗಳ, ಆಮೇಲೆ ಅಳು. ಇವು ಮೂರೂ ಸೋತ ಮೇಲೆ ದೇವರು. ಬಸ್ಸು ಹತ್ತಿ ಕ್ಷೇತ್ರಕ್ಕೆ ಹೋಗುವುದು, ಗುಡಿಯ ಮುಂದೆ ನಿಲ್ಲಿಸಿ ಆಣೆ ಮಾಡಿಸುವುದು, ಕೊರಳಿಗೊಂದು ತಾಯಿತ ಕಟ್ಟಿಸುವುದು. ಆಣೆ ಮಾಡಿದವನು ಹದಿನೈದು ದಿನವೋ ಒಂದು ತಿಂಗಳೋ ಬಿಗಿಹಿಡಿದುಕೊಂಡು ಇರುತ್ತಾನೆ. ಮತ್ತೊಂದು ಸಂಜೆ ತಡವಾಗಿ ಬರುತ್ತಾನೆ. ಅಂದಿನಿಂದ ಮನೆಯವರು ಅವನನ್ನಷ್ಟೇ ಅಲ್ಲ, ದೇವರನ್ನೂ ಸ್ವಲ್ಪ ಅನುಮಾನದಿಂದಲೇ ನೋಡತೊಡಗುತ್ತಾರೆ.

ನಾವು ಇಲ್ಲಿ ಹೇಳಹೊರಟಿರುವುದು ಒಂದೇ ಮಾತು. ಚಟ ಬಿಡಬೇಕೆನ್ನುವವರಿಗೆ ದೈವಭಕ್ತಿ ನೆರವಾಗುವುದು ನಿಜ. ಆದರೆ ನೆರವಾಗುವುದು ವರ್ಷಕ್ಕೊಮ್ಮೆ ಮಾಡಿದ ದೊಡ್ಡ ಆಣೆಯಲ್ಲ, ದಿನದಿನವೂ ಮಾಡುವ ಸಣ್ಣ ಅಭ್ಯಾಸ. ಅದೂ ವೈದ್ಯರ ಔಷಧ ಮುಂದೆ ನಡೆದು, ಅಭ್ಯಾಸ ಅದರ ಹಿಂದೆ ನಡೆದಾಗ. ನಾವು ವೈದ್ಯರಲ್ಲ, ಶಾಸ್ತ್ರ ಬಲ್ಲವರೂ ಅಲ್ಲ, ಬಿ.ಎ. ಪಾಸು ಮಾಡಿ, ಸರಕಾರಿ ಕಚೇರಿಯೊಂದರಲ್ಲಿ ಕಡತ ಕಟ್ಟುತ್ತ, ಘಾಜಿಯಾಬಾದಿನಲ್ಲಿ ಎರಡು ಕೋಣೆಯ ಮನೆಯಲ್ಲಿ ಸಂಸಾರ ಹೂಡಿರುವ ಗುಮಾಸ್ತರು. ಮನೆಯೊಳಗೆ ಕಂಡದ್ದನ್ನೂ ಓದಿ ಕೇಳಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇವೆ. ಯಾರ ವಿಷಯ ಬರೆಯುತ್ತಿದ್ದೇವೆಯೋ ಅವರೇ 'ಬರೀರಿ, ಯಾರಿಗಾದರೂ ಉಪಯೋಗ ಆದೀತು' ಎಂದ ಮೇಲೆ ಲೇಖನಿ ಹಿಡಿದದ್ದು.

ಇಂಥ ವಿಷಯವನ್ನು ನಮ್ಮ ಸಂಘದ ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಎತ್ತಬಹುದೇ ಎಂದು ಕೆಲವರು ಹುಬ್ಬೇರಿಸಬಹುದು. ಸಕ್ಕರೆ ಕಾಯಿಲೆಯ ಮಾತು ನಾವು ಹಬ್ಬದೂಟದ ಪಂಕ್ತಿಯಲ್ಲಿ ಕೂತು ಆಡುತ್ತೇವೆ. ರಕ್ತದ ಒತ್ತಡದ ಅಂಕಿಗಳನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತೇವೆ. ಈ ಕಾಯಿಲೆಯನ್ನು ಮಾತ್ರ 'ಅವರಿಗೆ ಸ್ವಲ್ಪ ಮೈಗೆ ಹುಷಾರಿಲ್ಲ' ಎಂಬ ಮಾತಿನ ಕೆಳಗೆ ಮುಚ್ಚಿಡುತ್ತೇವೆ. ಮುಚ್ಚಿಟ್ಟದ್ದು ಸಣ್ಣದೇನೂ ಅಲ್ಲ. ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಸಚಿವಾಲಯದ ಪರವಾಗಿ ದೇಶದಾದ್ಯಂತ ನಡೆದ ಸಮೀಕ್ಷೆಯೊಂದರ ವರದಿ 2019ರಲ್ಲಿ ಹೊರಬಂತು. ಹತ್ತರಿಂದ ಎಪ್ಪತ್ತೈದು ವರ್ಷದೊಳಗಿನ ಭಾರತೀಯರಲ್ಲಿ ನೂರಕ್ಕೆ 14.6 ಮಂದಿ, ಎಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುವವರೆಂದು ಅದು ಹೇಳಿತು. ಅವರಲ್ಲಿ 5.7 ಕೋಟಿ ಜನಕ್ಕೆ ಕುಡಿತ ಕೈಮೀರಿ, ಬೇರೆಯವರ ನೆರವು ಬೇಕಾಗಿದೆ. ಮದ್ಯಕ್ಕೆ ದಾಸರಾದವರಲ್ಲಿ ಏನಾದರೊಂದು ಚಿಕಿತ್ಸೆ ದೊರೆತವರು 38 ಮಂದಿಗೆ ಒಬ್ಬರಂತೆ. ಉಳಿದ ಮೂವತ್ತೇಳು ಮಂದಿ ಮೈಗೆ ಹುಷಾರಿಲ್ಲದವರಾಗಿ ಮನೆಯಲ್ಲೇ ಉಳಿದಿದ್ದಾರೆ.

ಆ ಸಮೀಕ್ಷೆಯನ್ನು ನಡೆಸಿದ ಸಂಸ್ಥೆ ನಮ್ಮ ಊರಿನಲ್ಲೇ ಇದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ, ಎಂದರೆ ನಾವೆಲ್ಲ ಏಮ್ಸ್ ಎನ್ನುವ ದೊಡ್ಡಾಸ್ಪತ್ರೆಗೆ ಸೇರಿದ ರಾಷ್ಟ್ರೀಯ ಮಾದಕ ವ್ಯಸನ ಚಿಕಿತ್ಸಾ ಕೇಂದ್ರವದು. 2003ರಿಂದ ಘಾಜಿಯಾಬಾದಿನ ಕಮಲಾ ನೆಹರೂ ನಗರದಲ್ಲಿದೆ. ಘಾಜಿಯಾಬಾದೆಂದರೆ ಕಾರ್ಖಾನೆ, ಧೂಳು, ಹಿಂಡನ್ ನದಿಯ ಕಪ್ಪು ನೀರು ಎಂದು ಮೂಗು ಮುರಿಯುವ ನಮ್ಮ ನೆಂಟರಿಷ್ಟರು ಇದನ್ನೂ ತಿಳಿದುಕೊಳ್ಳಬೇಕು.

ಈ ಆಸ್ಪತ್ರೆಯ ಕಾರಣದಿಂದಲೇ 2023ರ ಜನವರಿಯಲ್ಲಿ ನಮ್ಮ ಅಣ್ಣ ಇಲ್ಲಿಗೆ ಬಂದರು. ಅಣ್ಣನೆಂದರೆ ದೊಡ್ಡಪ್ಪನ ಮಗ. ನಮ್ಮದು ಬಾಗಲಕೋಟೆ ಜಿಲ್ಲೆಯ ಹುನಗುಂದದ ಕಡೆ. ಅಣ್ಣ ಅಂಗಡಿಗಳ ಲೆಕ್ಕ ಬರೆಯುವವರು; ಒಂದು ಪೈಸೆ ಆಚೀಚೆ ಆಗದ ಕೈ. ಹನ್ನೆರಡು ವರ್ಷದ ಕುಡಿತದಲ್ಲಿ ಆ ಕೈ ನಡುಗತೊಡಗಿ, ಲೆಕ್ಕದ ಕೆಲಸ ಒಂದೊಂದಾಗಿ ಬಿಟ್ಟುಹೋಯಿತು. ನಡುವೆ ಆಣೆಗಳಿಗೇನೂ ಕೊರತೆಯಿರಲಿಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲೊಂದು, ಕೂಡಲಸಂಗಮದಲ್ಲಿ ಹೊಳೆಯ ನೀರಿನಲ್ಲಿ ನಿಂತು ಒಂದು, ಮಗಳ ತಲೆಯ ಮೇಲೆ ಕೈಯಿಟ್ಟು ಒಂದು. ಯಾವ ಆಣೆಯನ್ನೂ ಅವರು ಸುಳ್ಳಿಗೆ ಮಾಡಿದವರಲ್ಲ. ಮಾಡುವಾಗ ಕಣ್ಣಲ್ಲಿ ನೀರಿರುತ್ತಿತ್ತು. ಆದರೆ ಆಣೆ ಮುರಿದಾಗಲೆಲ್ಲ ಕುಡಿತ ಮೊದಲಿಗಿಂತ ಒಂದು ಪಟ್ಟು ಹೆಚ್ಚಾಗುತ್ತಿತ್ತು. 'ದೇವರ ಮುಂದೇ ಸುಳ್ಳ ಆದ್ಯಾ, ಇನ್ನೇನ ಉಳೀತು' ಎಂಬುದು ಅವರ ಲೆಕ್ಕ. ದೊಡ್ಡ ಆಣೆಯಲ್ಲಿರುವ ಅಪಾಯವೇ ಇದು. ಅದು ನಿಂತರೆ ಪೂರ್ತಿ ನಿಲ್ಲಬೇಕು, ಬಿದ್ದರೆ ಪೂರ್ತಿ ಬೀಳಬೇಕು. ನಡುವೆ ಕಾಲೂರಲು ಮೆಟ್ಟಿಲಿಲ್ಲ.

ಅಣ್ಣ, ಅತ್ತಿಗೆ ಇಬ್ಬರೂ ಬಂದು ನಮ್ಮಲ್ಲಿ ಇಳಿದರು. ಮಗಳು ಊರಿನಲ್ಲಿ ಅಜ್ಜಿಯ ಹತ್ತಿರ ಉಳಿದಳು. ಮಂಜು ಕವಿದು ಎದುರು ಮನೆಯೂ ಕಾಣದ ದಿನಗಳು. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದು, ಕಡೆಯ ಸಲ ಕುಡಿದದ್ದು ಎಷ್ಟು ಗಂಟೆಗೆ ಎಂದು. ಅತ್ತಿಗೆ ನಾಚಿಕೊಂಡು, 'ಇಲ್ಲಿಗೆ ಬರೂದಕ ಮುಂಜಾನಿಯಿಂದ ಮುಟ್ಟಿಸಿಲ್ರಿ' ಎಂದರು. ವೈದ್ಯರಿಗೆ ಅದರಿಂದ ಸಂತೋಷವಾದಂತೆ ಕಾಣಲಿಲ್ಲ. ಕೂಡಲೇ ಒಳಗೆ ಸೇರಿಸಿಕೊಂಡರು.

ಇದರ ಕಾರಣವನ್ನು ಆಮೇಲೆ ವಿವರಿಸಿ ಹೇಳಿದರು. ಓದುಗರು ಈ ಬರಹದಲ್ಲಿ ಬೇರೆಲ್ಲವನ್ನು ಮರೆತರೂ ಇದೊಂದನ್ನು ನೆನಪಿಡಬೇಕೆಂದು ಬೇಡಿಕೊಳ್ಳುತ್ತೇವೆ. ಮದ್ಯ ನರಗಳ ವೇಗವನ್ನು ಅದುಮಿಡುವ ವಸ್ತು. ವರ್ಷಗಟ್ಟಲೆ ಅದುಮಿಸಿಕೊಂಡ ಮಿದುಳು ಅದಕ್ಕೆ ಎದುರಾಗಿ ತನ್ನ ವೇಗವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯವನ್ನು ಒಮ್ಮೆಲೆ ತೆಗೆದುಬಿಟ್ಟರೆ ಆ ವೇಗಕ್ಕೆ ತಡೆಯೇ ಇಲ್ಲದಂತಾಗುತ್ತದೆ. ಕೈ ನಡುಕ, ಬೆವರು, ನಿದ್ರೆಯಿಲ್ಲದಿರುವುದು ಮೊದಲಾಗುತ್ತವೆ; ಕೆಲವರಿಗೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರುತ್ತದೆ; ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಬುದ್ಧಿ ಕದಡಿ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಪ್ರಾಣವೂ ಹೋಗಬಹುದು. ಅದನ್ನು ತಡೆಯುವ ಗುಳಿಗೆಗಳಿವೆ. ದಿನದಿಂದ ದಿನಕ್ಕೆ ಇಳಿಸುತ್ತ ಕೊಡುತ್ತಾರೆ. ಕುಡುಕರ ಮೈಯಲ್ಲಿ ಸಾಮಾನ್ಯವಾಗಿ ಬತ್ತಿಹೋಗಿರುವ ಬಿ-1 ಜೀವಸತ್ವವನ್ನು ಸೂಜಿಯ ಮೂಲಕ ತುಂಬುತ್ತಾರೆ. ಅದಿಲ್ಲದಿದ್ದರೆ ನೆನಪಿನ ಶಕ್ತಿಗೇ ಸಂಚಕಾರ.

ನಮ್ಮ ಹಳ್ಳಿಗಳಲ್ಲಿ ಏನಾಗುತ್ತದೆ? ಗುಡಿಯಲ್ಲಿ ಆಣೆ ಮಾಡಿಸಿ ಮನೆಗೆ ಕರೆತಂದು ಕೂಡಿಹಾಕುತ್ತಾರೆ. ಮೂರನೆಯ ದಿನ ಅವನು ಗೋಡೆಯ ಮೇಲೆ ಹಾವು ಹರಿಯುತ್ತಿದೆ ಎಂದು ಕೂಗಿಕೊಂಡರೆ, 'ಗಾಳಿ ಸೋಕಿತು', 'ದೇವರು ಮುನಿದ' ಎನ್ನುತ್ತಾರೆ. ಮುನಿದದ್ದು ದೇವರಲ್ಲ, ನರಗಳು. ಹಲವು ವರ್ಷ ಹೆಚ್ಚಾಗಿ ಕುಡಿದವರನ್ನು ಮನೆಯಲ್ಲಿ, ಬರಿಯ ಪ್ರಾರ್ಥನೆಯ ಬಲದಿಂದ, ಒಮ್ಮೆಲೆ ಬಿಡಿಸಲು ಹೋಗಬಾರದು. ಮೊದಲು ವೈದ್ಯರು, ಪ್ರಾರ್ಥನೆ ಆ ಹಾಸಿಗೆಯ ಪಕ್ಕದಲ್ಲಿ ಕೂತು ಮಾಡಿದರೂ ದೇವರಿಗೆ ಕೇಳುತ್ತದೆ.

ಎರಡು ವಾರದ ಮೇಲೆ ಅಣ್ಣನನ್ನು ಮನೆಗೆ ಕಳಿಸುವಾಗ ವೈದ್ಯರು ಕೇಳಿದ ಕಡೆಯ ಪ್ರಶ್ನೆ ನಮಗೆ ವಿಚಿತ್ರವಾಗಿ ಕಂಡಿತು: 'ಸಂಜೆ ಆರರಿಂದ ಒಂಬತ್ತರ ತನಕ ಏನು ಮಾಡುತ್ತೀರಿ?' ಗುಳಿಗೆ ಮೈಯನ್ನು ನೋಡಿಕೊಳ್ಳುತ್ತದೆ. ಆ ಮೂರು ಗಂಟೆಯನ್ನು ನೋಡಿಕೊಳ್ಳುವವರು ಯಾರು ಎಂಬುದು ಪ್ರಶ್ನೆಯ ಅರ್ಥ. ಹನ್ನೆರಡು ವರ್ಷ ಒಂದೇ ಹೊತ್ತಿಗೆ ಒಂದೇ ದಾರಿ ಹಿಡಿದ ಕಾಲು, ಆ ಹೊತ್ತು ಬಂದೊಡನೆ ತಾನಾಗಿಯೇ ಏಳುತ್ತದೆ. ನಮ್ಮ ಬೀದಿಯ ಮೂಲೆಯಲ್ಲೂ ಒಂದು ಠೇಕಾ ಉಂಟು. ಇಲ್ಲಿ ಸಾರಾಯಿ ಅಂಗಡಿಗೆ ಹಾಗೆನ್ನುತ್ತಾರೆ. ಅದರ ದೀಪ ಬಾಲ್ಕನಿಯಿಂದ ಕಾಣುತ್ತದೆ. ನಾವೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ಉತ್ತರ ಕೊಟ್ಟವರು ಅತ್ತಿಗೆ: 'ಲಿಂಗಪೂಜಿ ಮಾಡ್ತಾರ ಅನ್ನು ತಮ್ಮಾ.' ಅದನ್ನು ನಾವು ಹಿಂದಿಗೆ ತಿರುಗಿಸಿ ಹೇಳಿದೆವು. ವೈದ್ಯರು ನಗಲಿಲ್ಲ. 'ಒಳ್ಳೆಯದು. ದಿನವೂ ಮಾಡಲಿ. ಗುಳಿಗೆ ಮಾತ್ರ ಬಿಡಬಾರದು' ಎಂದು ಚೀಟಿ ಬರೆದರು.

ಅಣ್ಣ ಲಿಂಗಪೂಜೆ ಬಿಟ್ಟು ಹತ್ತು ವರ್ಷವಾಗಿತ್ತು. ಕರಡಿಗೆಯನ್ನು ಅತ್ತಿಗೆ ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯಲ್ಲಿಟ್ಟು ಊರಿನಿಂದ ತಂದಿದ್ದರು; ತಂದದ್ದು ಗಂಡನಿಗೂ ತಿಳಿದಿರಲಿಲ್ಲ. ಬೆಳಿಗ್ಗೆ ಸ್ನಾನವಾದೊಡನೆ ಹತ್ತು ನಿಮಿಷ, ಸಂಜೆ ಆರೂವರೆಗೆ ದೀಪ ಹಚ್ಚಿ ಇಪ್ಪತ್ತು ನಿಮಿಷ ಎಂದು ಗೊತ್ತುಮಾಡಿದೆವು. ಬಲ್ಲವರಿಗೆ ಹೇಳಬೇಕಾಗಿಲ್ಲ: ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿಟ್ಟುಕೊಂಡು ದೃಷ್ಟಿ ಕದಲಿಸದೆ ನೋಡಬೇಕು. ಮೊದಲ ದಿನಗಳಲ್ಲಿ ಅಣ್ಣನ ಅಂಗೈ ಇನ್ನೂ ಸ್ವಲ್ಪ ನಡುಗುತ್ತಿತ್ತು; ಬೀಳುತ್ತದೆಂಬ ಭಯಕ್ಕೆ ಬಲಗೈಯನ್ನು ಕೆಳಗೆ ಹಿಡಿಯುತ್ತಿದ್ದರು. ಪೂಜೆಯಾದ ಮೇಲೆ ಒಂದು ಪುಟ ಓದು, ಅರ್ಧ ಗಂಟೆ ನಡಿಗೆ, ಏಳೂವರೆಗೆಲ್ಲ ಊಟ. ಹಸಿದ ಹೊಟ್ಟೆ, ದಣಿದ ಮೈ, ಸಿಟ್ಟು, ಒಂಟಿತನ ಈ ನಾಲ್ಕೂ ಕುಡಿತದ ಬಾಗಿಲು ಕಾಯುವ ದಳ್ಳಾಳಿಗಳೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಮಲಗುವ ಮುನ್ನ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಒಂದು ಗೀಟು.

ಭಕ್ತಿ ಬಂದಿತೋ ಎಂದು ಕೇಳುವಿರೇನೋ. ಮೊದಲ ತಿಂಗಳು ಬಂದಂತೆ ಕಾಣಲಿಲ್ಲ. 'ಕಣ್ಣ ಲಿಂಗದ ಮ್ಯಾಲ, ಮನಸ ಬೀದಿ ಮೂಲ್ಯಾಗ' ಎಂದು ಅಣ್ಣನೇ ಹೇಳುತ್ತಿದ್ದರು. ಗುಮಾಸ್ತಿಕೆಯಲ್ಲಿ ಕೂದಲು ನೆರೆಸುತ್ತಿರುವ ನಮಗೆ ಅದರಿಂದ ಗಾಬರಿಯಾಗಲಿಲ್ಲ. ಕಚೇರಿಯಲ್ಲಿ ಹಾಜರಿ ಪುಸ್ತಕವೆಂಬುದೊಂದುಂಟು. ಸಹಿ ಮಾಡಲು ಬಂದವನನ್ನು, ಇಂದು ನಿನಗೆ ಕೆಲಸದಲ್ಲಿ ಉತ್ಸಾಹವಿದೆಯೇ ಎಂದು ಅದು ಕೇಳುವುದಿಲ್ಲ. ಬಂದೆಯಾ ಎಂದಷ್ಟೇ ಕೇಳುತ್ತದೆ. ಉತ್ಸಾಹವಿದ್ದ ದಿನ ಮಾತ್ರ ಬರತಕ್ಕದ್ದೆಂದು ನಿಯಮ ಮಾಡಿದ್ದರೆ ಸರಕಾರದ ಬಾಗಿಲು ಎಂದೋ ಮುಚ್ಚುತ್ತಿತ್ತು. ದಿನನಿತ್ಯದ ಪೂಜೆಯೂ ಹಾಗೆಯೇ. ಮನಸ್ಸು ಬೀದಿಯಲ್ಲಿದ್ದರೂ ಮೈ ಮನೆಯಲ್ಲಿತ್ತು. ಆ ತಿಂಗಳಿಗೆ ಅದೇ ದೊಡ್ಡ ವರಮಾನ.

ಹೀಗೇಕೆ ಆಗುತ್ತದೆಂದು ಯೋಚಿಸಿದಾಗ ನಮಗೆ ಹೊಳೆದ ಕಾರಣಗಳನ್ನು ಹೇಳುತ್ತೇವೆ. ಒಂದು, ಹೊತ್ತಿನ ಮಾತು. ಕುಡಿಯಬೇಕೆಂಬ ತೀವ್ರ ಚಪಲ ಗಂಟೆಗಟ್ಟಲೆ ಒಂದೇ ಮಟ್ಟದಲ್ಲಿ ಉರಿಯುವಂಥದಲ್ಲ. ಅಲೆಯಂತೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಲೆ ಏರುವ ಹೊತ್ತಿಗೆ ಸರಿಯಾಗಿ ಕೂತುಕೊಳ್ಳಲು ಒಂದು ಮಣೆ, ನೋಡಲು ಒಂದು ದೀಪ, ನುಡಿಯಲು ಒಂದು ನಾಮವಿದ್ದರೆ ಅದು ತಲೆಯ ಮೇಲಿಂದ ಹಾದುಹೋಗುತ್ತದೆ. ಎರಡು, ಅಳತೆಯ ಮಾತು. 'ಇನ್ನು ಜನ್ಮದಲ್ಲಿ ಕುಡಿಯೆನು' ಎಂಬುದು ಹೊರಲಾರದ ಮೂಟೆ. 'ಇಂದು ಕುಡಿಯೆನು' ಎಂಬುದು ಎಂಥವನೂ ಹೊರಬಹುದಾದ ಗಂಟು. ಮೂರು, ಜೊತೆಯ ಮಾತು. ಕುಡಿತ ಮನುಷ್ಯನನ್ನು ಎಲ್ಲರಿಂದಲೂ ಒಡೆದು ಬೇರೆ ಮಾಡುತ್ತದೆ. ದೀಪದ ಮುಂದೆ ಮನೆಮಂದಿ ಕೂಡಿ ಕೂತಾಗ ಮಾತಿಲ್ಲದೆಯೇ ಒಡಕು ಒಂದಿಷ್ಟು ಕೂಡುತ್ತದೆ.

ಇದು ನಮ್ಮ ಮನೆಯಲ್ಲಿ ಹೊಸದಾಗಿ ಹುಟ್ಟಿದ ಜಾಣತನವೇನೂ ಅಲ್ಲ. ನಮ್ಮ ಊರ ಕಡೆಯವರೇ ಆದ ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳ ಹೆಸರನ್ನು ಓದುಗರಲ್ಲಿ ಹಲವರು ಕೇಳಿರಬಹುದು. 1975ರಲ್ಲಿ ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟರು. ಬೇಡಿದ್ದು ಕಾಳಲ್ಲ, ಕಾಸಲ್ಲ. 'ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ' ಎಂಬುದು ಅವರ ಭಿಕ್ಷೆ. ಊರೂರು, ಕೇರಿಕೇರಿ ತಿರುಗಿದರು; ಜನ ಬೀಡಿಯ ಕಟ್ಟನ್ನೂ ಸಾರಾಯಿಯ ಪಾಕೀಟನ್ನೂ ಅದರಲ್ಲಿ ಹಾಕಿ ಕೈಮುಗಿದರು. 'ಮಹಾಂತ ಜೋಳಿಗೆ' ಎಂದೇ ಅದಕ್ಕೆ ಹೆಸರಾಯಿತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಜೋಳಿಗೆಯ ವಿಶೇಷ ನಮಗೆ ಕಂಡದ್ದು ಹೀಗೆ: ಅಲ್ಲಿ ಕುಡುಕ ಮುಖ ತಗ್ಗಿಸಿ ಬೈಸಿಕೊಳ್ಳಲು ನಿಲ್ಲುವುದಿಲ್ಲ, ದಾನಿಯಾಗಿ ನಿಲ್ಲುತ್ತಾನೆ. ಆದರೆ ಕೊಟ್ಟ ಮೇಲೆ ಕೈ ಬರಿದಾಗುತ್ತದೆ. ಬರಿದಾದ ಕೈಗೆ ಮಾರನೆಯ ಸಂಜೆ ಏನಾದರೊಂದು ಬೇಕು.

ಅದನ್ನು ತಿಳಿದು ನಡೆದವರು ಧರ್ಮಸ್ಥಳದವರು. ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ 1990ರ ದಶಕದಿಂದ ಜನಜಾಗೃತಿ ವೇದಿಕೆ ಎಂಬುದು ಮದ್ಯವರ್ಜನ ಶಿಬಿರಗಳನ್ನು ನಡೆಸಿಕೊಂಡು ಬಂದಿದೆ. ಸಾವಿರಕ್ಕೂ ಮೇಲ್ಪಟ್ಟು ಶಿಬಿರಗಳಾಗಿವೆ. ಊರಿನದೇ ಒಂದು ಸಭಾಭವನದಲ್ಲಿ ಸುಮಾರು ಎಂಟು ದಿನ ವಾಸ. ವ್ಯಾಯಾಮ, ಯೋಗ, ಭಜನೆ, ಆಪ್ತಸಲಹೆ, ಆರೋಗ್ಯ ತಪಾಸಣೆ, ಮನೆಯವರೊಡನೆ ಮಾತುಕತೆ. ನಮಗೆ ಮುಖ್ಯವಾಗಿ ಕಂಡದ್ದು ಶಿಬಿರವಲ್ಲ, ಶಿಬಿರದ ಮರುದಿನ. ಕುಡಿತ ಬಿಟ್ಟವರು ಊರಿನಲ್ಲೇ 'ನವಜೀವನ ಸಮಿತಿ' ಎಂದು ಕೂಡಿಕೊಂಡು ಮತ್ತೆ ಮತ್ತೆ ಸೇರುತ್ತಾರೆ. ಎಂಟು ದಿನದ್ದು ಬಿತ್ತನೆ. ಸಮಿತಿಯದು ನೀರು ಹಾಯಿಸುವ ಕೆಲಸ.

ಕಡಲಾಚೆಯವರೂ ಇದೇ ದಾರಿಗೆ ಬಂದದ್ದು ವಿಶೇಷ. 1935ರಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದ ಆಕ್ರನ್ ಎಂಬ ಊರಿನಲ್ಲಿ ಕುಡಿತದಿಂದ ಬೆಂದಿದ್ದ ಇಬ್ಬರು ಭೇಟಿಯಾದರು. ಒಬ್ಬ ಷೇರುಪೇಟೆಯ ಬಿಲ್ ವಿಲ್ಸನ್, ಇನ್ನೊಬ್ಬ ಶಸ್ತ್ರವೈದ್ಯ ಬಾಬ್ ಸ್ಮಿತ್. ಒಬ್ಬ ಕುಡುಕನ ಮಾತು ಇನ್ನೊಬ್ಬ ಕುಡುಕನಿಗೆ ತಾಗುವಂತೆ ಬೇರೆ ಯಾರ ಮಾತೂ ತಾಗದೆಂದು ಕಂಡುಕೊಂಡು, ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘಕ್ಕೆ ಬುನಾದಿ ಹಾಕಿದರು. 1939ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ ಹನ್ನೆರಡು ಮೆಟ್ಟಿಲುಗಳ ಮಾತು ಬರುತ್ತದೆ. ಹತ್ತನೆಯದು ತನ್ನ ನಡತೆಯನ್ನು ತಾನೇ ಪರಿಶೀಲಿಸಿಕೊಳ್ಳುತ್ತಿರುವುದು, ಹನ್ನೊಂದನೆಯದು ಪ್ರಾರ್ಥನೆ ಮತ್ತು ಧ್ಯಾನ. ಯಾವ ದೇವರೆಂದು ಅವರು ಕಟ್ಟು ಹಾಕಲಿಲ್ಲ. ಅವರವರಿಗೆ ತಿಳಿದ ದೇವರು. ಚಂದಾ ಇಲ್ಲ, ಸದಸ್ಯರ ಪಟ್ಟಿಯಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಅಲ್ಲಿಯೂ ಲೆಕ್ಕ ಇಪ್ಪತ್ತನಾಲ್ಕು ಗಂಟೆಯದೇ. ದೆಹಲಿಯ ಸುತ್ತಮುತ್ತ ಈ ಸಂಘದ ಸಭೆಗಳು ನಡೆಯುತ್ತವೆ. ಅಣ್ಣ ಭಾನುವಾರ ಅಲ್ಲಿಗೆ ಹೋಗತೊಡಗಿದರು. ಅವರ ಹಿಂದಿ ಸಿನಿಮಾ ಹಾಡಿನಿಂದ ಕಲಿತದ್ದು. ಆದರೂ ಸರ್ದಾರ್ಜಿಯೊಬ್ಬರು, ಟೆಂಪೋ ಓಡಿಸುವ ಸಾಬರೊಬ್ಬರು ಹೇಳಿದ ಕಥೆಯೆಲ್ಲ ತನಗೆ ಅಕ್ಷರಶಃ ತಿಳಿಯಿತೆಂದು ಬಂದು ಹೇಳಿದರು. ಒಬ್ಬರು ಬೆಳಿಗ್ಗೆ ಗುರುದ್ವಾರದಲ್ಲಿ ಪಾದರಕ್ಷೆ ಜೋಡಿಸುವ ಸೇವೆಗೆ ನಿಲ್ಲುತ್ತಾರಂತೆ. ಇನ್ನೊಬ್ಬರು ಐದು ಹೊತ್ತಿನ ನಮಾಜಿನಲ್ಲಿ ಸಂಜೆಯದನ್ನು ಮಾತ್ರ ಎಂದೂ ತಪ್ಪಿಸುವುದಿಲ್ಲವಂತೆ.

ಇದೆಲ್ಲ ನಂಬಿಕೆಯ ಮಾತೆಂದು ತಳ್ಳಿಹಾಕುವವರಿಗೆ ಒಂದು ಅಂಕಿ ಕೊಡುತ್ತೇವೆ. ಕಾಕ್ರೇನ್ ಎಂಬ ಹೆಸರಾಂತ ವೈದ್ಯಕೀಯ ಸಂಸ್ಥೆ 2020ರಲ್ಲಿ, 27 ಅಧ್ಯಯನಗಳನ್ನೂ 10,565 ಮಂದಿಯ ವಿವರಗಳನ್ನೂ ಜಾಲಾಡಿ ನೋಡಿತು. ಆ ಹನ್ನೆರಡು ಮೆಟ್ಟಿಲಿನ ಸಂಘದೊಡನೆ ಜೋಡಿಸುವ ಕ್ರಮಬದ್ಧ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 42 ಮಂದಿ ಒಂದು ವರ್ಷದ ಮೇಲೂ ಪೂರ್ತಿ ದೂರವಿದ್ದರು. ಬೇರೆ ಬಗೆಯ ಮಾನಸಿಕ ಚಿಕಿತ್ಸೆ ಪಡೆದವರಲ್ಲಿ 35 ಮಂದಿ. ಈ ಅಂಕಿಯನ್ನು ಎರಡು ಕಡೆಯಿಂದಲೂ ಓದಬೇಕು. ಅಭ್ಯಾಸವೂ ಸಂಘವೂ ನೆರವಾಗುತ್ತವೆ ಎಂಬುದು ಒಂದು ಕಡೆ. ಒಳ್ಳೆಯ ನೆರವು ದೊರೆತವರಲ್ಲೂ ಅರ್ಧಕ್ಕೆ ಮೇಲ್ಪಟ್ಟವರು ಒಂದು ವರ್ಷದೊಳಗೆ ಒಮ್ಮೆಯಾದರೂ ಜಾರುತ್ತಾರೆ ಎಂಬುದು ಇನ್ನೊಂದು ಕಡೆ.

ಅಣ್ಣನೂ ಜಾರಿದರು. ಐದನೆಯ ತಿಂಗಳು, ಸಾಹಿಬಾಬಾದಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ಮೊದಲ ಸಂಬಳದ ದಿನ ಜೊತೆಯವರು ಬಿಡಲಿಲ್ಲ. ರಾತ್ರಿ ಹತ್ತಕ್ಕೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮರುದಿನ ಸಂಜೆ ಆರೂವರೆಯಾದರೂ ಮಣೆಯ ಮೇಲೆ ಕೂರಲಿಲ್ಲ. 'ನಾ ಇನ್ನ ಕರಡಿಗಿ ಮುಟ್ಟಾಕ ಯೋಗ್ಯ ಅಲ್ಲ' ಎಂದರು. ಹಿಂದಿನ ಮೂರು ಆಣೆಗಳು ಮುರಿದ ಕಥೆ ನಾಲ್ಕನೆಯ ಸಲವೂ ನಡೆಯುವುದರಲ್ಲಿತ್ತು. ಅತ್ತಿಗೆ ಅಡಿಗೆಮನೆಯಿಂದ ಎಣ್ಣೆಯ ಗಿಂಡಿ ತಂದು ಗಂಡನ ಮುಂದಿಟ್ಟರು. ನಮ್ಮ ಕಡೆ ಸಾರಾಯಿಗೂ ಎಣ್ಣೆಯೆಂದೇ ಅಡ್ಡಹೆಸರು. 'ನಿನ್ನಿ ಆ ಎಣ್ಣಿ ಹೊಟ್ಟ್ಯಾಗ ಹಾಕ್ಕೊಂಡ್ರಿ. ಇವತ್ತ ಈ ಎಣ್ಣಿ ದೀಪದಾಗ ಹಾಕ್ರಿ. ದೀಪ ಏನ ನಿಮ್ಮ ಬಾಯಿ ಮೂಸಿ ನೋಡೂದಿಲ್ಲ' ಎಂದರು. ನಗಬೇಕೋ ಅಳಬೇಕೋ ತಿಳಿಯದೆ ಅಣ್ಣ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದರು; ಆಮೇಲೆ ಎದ್ದು ಕೈಕಾಲು ತೊಳೆದುಕೊಂಡು ಬಂದರು. ಮರುದಿನ ಬೆಳಿಗ್ಗೆ ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆವು. ವೈದ್ಯರು ಬೈಯಲಿಲ್ಲ, ಔಷಧ ಸರಿಪಡಿಸಿ, ಸಂಬಳದ ದಿನ ಅತ್ತಿಗೆ ಅಂಗಡಿಯ ಬಾಗಿಲಿಗೇ ಹೋಗಿ ನಿಲ್ಲುವಂತೆ ಗೊತ್ತುಮಾಡಿದರು. ಕ್ಯಾಲೆಂಡರಿನಲ್ಲಿ ಒಂದು ಚೌಕ ಖಾಲಿ ಉಳಿಯಿತು. ಅದರ ಪಕ್ಕದಿಂದ ಗೀಟುಗಳು ಮುಂದುವರಿದವು. ಒಂದು ದಿನದ ಗೈರುಹಾಜರಿಗೆ ಸರಕಾರವೇ ನೌಕರಿ ಕಿತ್ತುಕೊಳ್ಳುವುದಿಲ್ಲವಲ್ಲ!

ಮಡಿಮೈಲಿಗೆಯ ವಿಚಾರದಲ್ಲಿ ನಮ್ಮವರು ಬಲು ಬಿಗಿ. ಕುಡಿದವನು ದೇವರ ಮನೆಗೆ ಬರಕೂಡದು, ಸರಿ. ಆದರೆ ಕುಡಿದು ಇಳಿದ ಮಾರನೆಯ ದಿನವೇ ಅವನಿಗೆ ಆ ಬಾಗಿಲು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುತ್ತದೆ. ದಿನದ ಅಭ್ಯಾಸ ಒಳ್ಳೆಯವನಾದುದಕ್ಕೆ ಕೊಡುವ ಬಹುಮಾನವಲ್ಲ. ಒಳ್ಳೆಯವನಾಗುವ ಯತ್ನಕ್ಕೆ ಕೊಡುವ ಊರುಗೋಲು. ಬಿದ್ದವನ ಕೈಯಿಂದ ಕೋಲು ಕಸಿಯಬಾರದು.

ಇನ್ನು ಕೆಲವು ಎಚ್ಚರಿಕೆಗಳು. 'ನಮ್ಮ ದೇವರು ನೋಡಿಕೊಳ್ಳುತ್ತಾನೆ, ಗುಳಿಗೆ ಬಿಟ್ಟುಬಿಡು' ಎನ್ನುವವರು ಎಷ್ಟೇ ದೊಡ್ಡವರಾಗಿರಲಿ, ಅವರ ಮಾತು ಕೇಳಕೂಡದು. ಕುಡಿತ ಬಿಡಿಸುವ ಕೆಲವು ಗುಳಿಗೆಗಳನ್ನು, ಸೇವಿಸುವವನಿಗೆ ತಿಳಿಯದಂತೆ ಸಾರಿನಲ್ಲೋ ಪ್ರಸಾದದಲ್ಲೋ ಬೆರೆಸಿ ಹಾಕುವುದುಂಟು. ಅದರ ಮೇಲೆ ಅವನು ಕುಡಿದರೆ ಜೀವಕ್ಕೇ ಅಪಾಯ. ಮೊದಲ ತಿಂಗಳುಗಳಲ್ಲಿ ಕಠಿಣ ಉಪವಾಸ ಬೇಡ. ಹಸಿವು ಚಪಲದ ಅಣ್ಣ. ಪೂಜೆಯ ಹೆಸರಿನಲ್ಲಿ ಪೊಲೀಸು ಕೆಲಸವನ್ನೂ ಮಾಡಬಾರದು, 'ಕೂತೆಯಾ? ಎಷ್ಟು ನಿಮಿಷ?' ಎಂದು ತನಿಖೆಗೆ ನಿಂತರೆ ಆ ಮಣೆ ಕಟಕಟೆಯಾಗುತ್ತದೆ. ದೇವರಲ್ಲಿ ನಂಬಿಕೆಯಿಲ್ಲದವರನ್ನು ಬಲವಂತಪಡಿಸಬೇಕಾಗಿಯೂ ಇಲ್ಲ. ಗೊತ್ತಾದ ಹೊತ್ತಿಗೆ ಮೌನವಾಗಿ ಕೂರುವುದು, ಉಸಿರನ್ನು ಗಮನಿಸುವುದು, ದಿನಚರಿ ಬರೆಯುವುದು, ಗಿಡಕ್ಕೆ ನೀರು ಹಾಕುವುದು, ಇವೂ ನಿಷ್ಠೆಯಿಂದ ಮಾಡಿದರೆ ಪೂಜೆಯೇ.

ಮನೆಯ ಹೆಂಗಸರ ಮಾತನ್ನು ಮರೆತರೆ ಈ ಬರಹ ಅಪೂರ್ಣ. ಕುಡಿಯುವವನಿಗೆ ಒಂದು ಕಾಯಿಲೆಯಾದರೆ ಕಾಯುವವಳಿಗೆ ಇನ್ನೊಂದು. ಹನ್ನೆರಡು ವರ್ಷ ಬಾಗಿಲ ಸದ್ದಿಗೆ ಕಿವಿಗೊಟ್ಟ ಅತ್ತಿಗೆಗೆ, ಗಂಡ ಮನೆಯಲ್ಲಿರುವ ಸಂಜೆಯೂ ಎದೆ ಹೊಡೆದುಕೊಳ್ಳುತ್ತಿತ್ತು. ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ ಇದನ್ನು ಅನುಭವದಿಂದ ಅರಿತು, 1951ರಲ್ಲಿ ಗೆಳತಿಯೊಬ್ಬಳೊಡನೆ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಸಂಘ ಕಟ್ಟಿದಳು. ಅತ್ತಿಗೆ ಯಾವ ಸಂಘಕ್ಕೂ ಹೋಗಲಿಲ್ಲ. ಸಂಜೆ ಆ ಇಪ್ಪತ್ತು ನಿಮಿಷ ನಮ್ಮ ಮನೆಯಾಕೆಯ ಜೊತೆ ಕೂತು ವಿಭೂತಿ ಧರಿಸಿ ಕಣ್ಣು ಮುಚ್ಚುತ್ತಿದ್ದರು. ಗಂಡನಿಗಾಗಿ ಏನು ಬೇಡಿಕೊಂಡಿರಿ ಎಂದು ನಮ್ಮ ಮನೆಯಾಕೆ ಒಮ್ಮೆ ಕೇಳಿದಾಗ, 'ಏನೂ ಬೇಡ್ಕೊಳ್ಳಿಲ್ಲವ್ವಾ. ಇಪ್ಪತ್ತ ನಿಮಿಷ ಯಾರ್ದೂ ಕಾಳಜಿ ಮಾಡ್ಲಿಲ್ಲ; ಅಷ್ಟ ಸಾಕು' ಎಂದರಂತೆ.

ಅವರಿಬ್ಬರೂ ಆ ವರ್ಷದ ದೀಪಾವಳಿಗೆ ಊರಿಗೆ ಮರಳಿದರು. ಖಾಲಿ ಚೌಕ ಆಮೇಲೆ ಮತ್ತೊಂದು ಬಂದಿತು. ಅದನ್ನು ದಾಟಿ ಎರಡನೆಯ ವರ್ಷದ ಕ್ಯಾಲೆಂಡರೂ ತುಂಬಿತು. ಅಣ್ಣ ಮತ್ತೆ ಲೆಕ್ಕ ಬರೆಯುತ್ತಿದ್ದಾರೆ. 'ಗುಣ ಆತೇನೋ' ಎಂದು ಯಾರಾದರೂ ಕೇಳಿದರೆ, 'ಇವತ್ತಿನ ಮಟ್ಟಿಗೆ' ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಉತ್ತರವನ್ನು ಈಗ ಯಾರೂ ಅವರಿಂದ ಕೇಳುವುದಿಲ್ಲ.

ಓದುಗ ಬಂಧುಗಳಲ್ಲಿ ಎರಡು ಬಿನ್ನಹ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಕಷ್ಟವಿದ್ದರೆ ಮುಚ್ಚಿಡಬೇಡಿ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446, ಅದಕ್ಕೆ ಕರೆ ಮಾಡಲು ಕಾಸು ಬೇಕಿಲ್ಲ. ಎರಡನೆಯದು ನಮ್ಮ ಸಂಘದ ಹಿರಿಯರಿಗೆ. ಹಬ್ಬಹರಿದಿನಗಳಿಗೆ, ನಾಟಕಕ್ಕೆ, ಊಟಕ್ಕೆ ನಾವು ಸೇರುತ್ತೇವೆ. ವಾರಕ್ಕೊಂದು ಸಂಜೆ, ಒಂದು ಕೋಣೆ, ಒಂದು ಜಮಖಾನೆ, ಒಂದು ದೀಪ ಇಷ್ಟನ್ನು ಗೊತ್ತುಮಾಡಿದರೆ, ಭಜನೆಗೆಂದು ಬಂದವರ ನಡುವೆ ಹೆಸರು ಹೇಳದೆ ಕೂತು ಹೋಗಲು ಒಬ್ಬಿಬ್ಬರಿಗೆ ಎಡೆಯಾದೀತು. ಕನ್ನಡದಲ್ಲಿ ಅಳಲು, ಕನ್ನಡದಲ್ಲಿ ಸಮಾಧಾನ ಹೇಳಿಸಿಕೊಳ್ಳಲು ದೆಹಲಿಯ ಸೀಮೆಯಲ್ಲಿ ಎಷ್ಟು ಜಾಗಗಳಿವೆ? ಬಂದವರು ಏಕೆ ಬಂದರೆಂದು ಯಾರೂ ಕೇಳುವುದು ಬೇಡ. ಹಾಜರಿ ಹಾಕಿದರೆ ಸಾಕು.